ಚಿನ್ನದೂರಿನ ಹೋಟೆಲು

ಒಳ್ಳೆಯ ಸಮಾರಿತನ ಸಾಮತಿಯನ್ನು ನಾವೆಲ್ಲರೂ ಬಲ್ಲೆವು. ಆದರೆ ಅದರಲ್ಲಿ ಬರುವ ಛತ್ರದ ಯಜಮಾನನತ್ತ ನಮ್ಮ ಗಮನ ಹರಿಯುವುದು ಕಡಿಮೆ. ಗಾಯಗೊಂಡ ಅಪರಿಚಿತನಿಗೆ ಅವನು ಬಾಗಿಲು ತೆರೆದನು. ಅದೇ ವೃತ್ತಿಯ ಇನ್ನೊಬ್ಬನ ಬಾಗಿಲಿನಿಂದ ಆರಂಭವಾದ ಒಂದು ಜಗಳವು ಒಂದು ನಾಡಿನ ಚರಿತ್ರೆಯನ್ನೇ ಬದಲಿಸಿತು.

1851ರಲ್ಲಿ ಆಸ್ಟ್ರೇಲಿಯದ ಬಲ್ಲಾರಟ್ ಎಂಬಲ್ಲಿ ಚಿನ್ನ ದೊರೆಯಿತು. ನಾನಾ ದೇಶಗಳ ಜನ ಬಂದು ಡೇರೆ ಹಾಕಿದರು. ಅಲ್ಲಿ 1854ರಲ್ಲಿ ಯುರೇಕಾ ಹೋಟೆಲನ್ನು ತೆರೆದವನು ಜೇಮ್ಸ್ ಬೆಂಟ್ಲಿ. ಒಂದು ಕಾಲದಲ್ಲಿ ಗಡೀಪಾರಾದ ಕೈದಿಯಾಗಿದ್ದ ಆತ ಈಗ ಅಧಿಕಾರಿಗಳ ಸ್ನೇಹ ಗಳಿಸಿದ ಸಿರಿವಂತ.

ಅಕ್ಟೋಬರ್ 7ರ ನಸುಕಿನಲ್ಲಿ ಜೇಮ್ಸ್ ಸ್ಕೋಬಿ ಎಂಬ ಗಣಿಗಾರನು ಗೆಳೆಯನೊಡನೆ ಬಂದು, ಮುಚ್ಚಿದ್ದ ಬಾಗಿಲನ್ನು ತಟ್ಟಿ ಮದ್ಯ ಕೇಳಿದನು. ಜಗಳವಾಯಿತು. ಬಳಿಕ ಬೆನ್ನಟ್ಟಿ ಬಂದವರ ಏಟಿಗೆ ಸ್ಕೋಬಿ ಬಲಿಯಾದನು. ಬೆರಳುಗಳೆಲ್ಲ ಬೆಂಟ್ಲಿಯತ್ತ ತೋರಿದವು. ಆದರೆ ಬೆಂಟ್ಲಿಯೊಡನೆ ಹಣದ ನಂಟಿದೆಯೆಂದು ಜನರು ಶಂಕಿಸಿದ್ದ ಡ್ಯೂಸ್ ಎಂಬ ನ್ಯಾಯಾಧಿಕಾರಿಯ ಪೀಠವು ಅವನನ್ನು ಬಿಟ್ಟುಬಿಟ್ಟಿತು.

ಅದೇ ವಾರ ಇನ್ನೊಂದು ಅನ್ಯಾಯ ನಡೆಯಿತು. ಕಥೋಲಿಕ ಗುರು ಪ್ಯಾಟ್ರಿಕ್ ಸ್ಮಿತ್ ಅವರ ಸೇವಕ, ಆರ್ಮೇನಿಯದ ಅಂಗವಿಕಲ ಯೋಹಾನ್ನೆಸ್ ಗ್ರೆಗೋರಿಯಸ್. ಗಣಿಯ ಪರವಾನಗಿ ಇಲ್ಲವೆಂದು ಪೊಲೀಸರು ಅವನನ್ನು ಹೊಡೆದು ಎಳೆದೊಯ್ದರು. ಗುರುಗಳ ಸೇವಕನಿಗೆ ಪರವಾನಗಿಯೇ ಬೇಕಿರಲಿಲ್ಲ. ಆದರೂ ಐದು ಪೌಂಡ್ ದಂಡ ಬಿತ್ತು. ಸಿರಿವಂತನಿಗೆ ಒಂದು ನ್ಯಾಯ, ಬಡವನಿಗೆ ಇನ್ನೊಂದು!

ಅಕ್ಟೋಬರ್ 17ರಂದು ಸಾವಿರಾರು ಜನ ಸೇರಿದರು. ಬೆಂಟ್ಲಿ ಕುದುರೆಯೇರಿ ಪಾರಾದನು; ಹೋಟೆಲು ಸುಟ್ಟು ಬೂದಿಯಾಯಿತು. ಮರುವಿಚಾರಣೆಯಲ್ಲಿ ಬೆಂಟ್ಲಿಗೂ ಇನ್ನಿಬ್ಬರಿಗೂ ಮೂರು ವರ್ಷ ಕಠಿಣ ಸಜೆಯಾಯಿತು. ಡ್ಯೂಸ್ ಪದವಿ ಕಳೆದುಕೊಂಡನು. ಬೆಂಟ್ಲಿಯ ಪತ್ನಿ ಕ್ಯಾಥರೀನ್ ನಿರ್ದೋಷಿಯೆಂದು ಬಿಡುಗಡೆ ಹೊಂದಿದಳು. ಆದರೆ ಅವಳ ಮನೆಯೂ ಆ ಬೆಂಕಿಯಲ್ಲೇ ಹೋಗಿತ್ತು. ಜನರ ಸಿಟ್ಟು ತಪ್ಪಿತಸ್ಥರನ್ನೂ ನಿರಪರಾಧಿಗಳನ್ನೂ ಬೇರ್ಪಡಿಸಿ ನೋಡುವುದಿಲ್ಲ.

ತಡವಾಗಿ ಬಂದ ನ್ಯಾಯ ಉರಿಯನ್ನು ಆರಿಸಲಿಲ್ಲ. ಗಣಿಗಾರರು ಪೀಟರ್ ಲೇಲರ್ ಎಂಬ ಐರಿಶ್ ಕಥೋಲಿಕನ ನೇತೃತ್ವದಲ್ಲಿ ಮರದ ಕೋಟೆ ಕಟ್ಟಿದರು. ಡಿಸೆಂಬರ್ 3, ಭಾನುವಾರದ ಮುಂಜಾನೆ ಸೈನ್ಯ ಎರಗಿತು. ಕನಿಷ್ಠ 22 ಗಣಿಗಾರರು ಮಡಿದರು; ಸೈನಿಕರೂ ಸತ್ತರು. ಗಾಯಗೊಂಡ ಲೇಲರ್‌ಗೆ ಫಾದರ್ ಸ್ಮಿತ್ ತಮ್ಮ ಮನೆಯ ಬಾಗಿಲು ತೆರೆದರು. ಅವನ ಎಡಗೈಯನ್ನು ಕತ್ತರಿಸಿ ಪ್ರಾಣ ಉಳಿಸಿದ್ದು ಅಲ್ಲಿಯೇ. ಮುಂದೆ, 1855ರಲ್ಲಿ ಪರವಾನಗಿ ಪದ್ಧತಿ ರದ್ದಾಯಿತು. ಲೇಲರ್ ಶಾಸನಸಭೆಯ ಸದಸ್ಯನಾದನು.

ಬೆಂಟ್ಲಿ 1873ರಲ್ಲಿ, ಮತ್ತೆಂದೂ ಚೇತರಿಸಿಕೊಳ್ಳದೆ, ತನ್ನ ಕೈಯಾರೆ ಪ್ರಾಣ ನೀಗಿದನು. ಅದೇ ವರ್ಷ ನ್ಯೂಜಿಲೆಂಡಿನ ಯುದ್ಧದಿಂದ ಮರಳಿದ್ದ ಐರಿಶ್ ಸೈನಿಕ ಲವೆಲ್, ನಮ್ಮ ಕೋಲಾರದಲ್ಲಿ ಚಿನ್ನ ಅಗೆಯಲು ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದನು. ಅಲ್ಲಿಯೂ ಊರು ಬೆಳೆಯಿತು. 2001ರಲ್ಲಿ ಆ ಗಣಿಗಳು ಮುಚ್ಚಿದವು. ಚಿನ್ನ ಮುಗಿಯುತ್ತದೆ, ಅದಕ್ಕಾಗಿ ದುಡಿದವರ ಬದುಕು ಉಳಿಯುತ್ತದೆ.

ಓದುಗರೇ, ಹುನ್ನೂರ, ಜಮಖಂಡಿಯ ಕಡೆಯಿಂದಲೂ ದುಡಿಮೆ ಅರಸಿ ದೂರದೂರಿಗೆ ಹೋಗುವವರಿದ್ದಾರೆ. ನಮ್ಮೂರಿಗೆ ಬರುವವರೂ ಇದ್ದಾರೆ. ಅವರು ನಮ್ಮ ಬಾಗಿಲು ತಟ್ಟಿದಾಗ ನಾವು ಯಾರಾಗುವೆವು? ಅವರಿಗೆ ಅನ್ಯಾಯವಾದಾಗ ಸಿರಿವಂತ ಗೆಳೆಯನ ಪರವಾಗಿ ಮೌನ ವಹಿಸುವೆವೋ, ಹೊತ್ತು ಮೀರುವ ಮುನ್ನ ಸತ್ಯ ನುಡಿಯುವೆವೋ? ಆ ಚಿನ್ನದೂರಿನಲ್ಲಿ ಎರಡು ಬಾಗಿಲುಗಳಿದ್ದವು. ಒಂದು ಬೂದಿಯಾಯಿತು, ಇನ್ನೊಂದು ಒಂದು ಜೀವವನ್ನು ಉಳಿಸಿತು. ನಮ್ಮ ಮನೆಯ ಬಾಗಿಲು ಎರಡನೆಯದಾಗಲಿ.