ಮೊಡವೆಯ ಗುಳಿಗೆ, ಕರುಳಿನ ಉರಿಯೂತ: ತಿಕೋಂಡಿಯ ನೆಲೆಯಿಂದ ಒಂದು ಪರಿಶೀಲನೆ

ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಗಡಿಯೂರು ತಿಕೋಂಡಿ. ಇಲ್ಲಿ ಮನೆಮಾತು ಕನ್ನಡ, ಸರ್ಕಾರಿ ಕಾಗದಪತ್ರ ಮರಾಠಿ, ಔಷಧದ ಪೊಟ್ಟಣದ ಮೇಲಿನ ಎಚ್ಚರಿಕೆ ಇಂಗ್ಲಿಷ್. ದೊಡ್ಡ ಕಾಯಿಲೆ ಬಂದರೆ ಈ ಭಾಗದವರು ಒಮ್ಮೆ ವಿಜಯಪುರದ ದಾರಿ ಹಿಡಿಯುತ್ತಾರೆ, ಒಮ್ಮೆ ಮಿರಜ–ಸಾಂಗಲಿಯ ದಾರಿ. ಹೀಗೆ ಒಬ್ಬನೇ ರೋಗಿಯ ಚಿಕಿತ್ಸೆಯ ಚೀಟಿಗಳು ಎರಡು ರಾಜ್ಯಗಳಲ್ಲಿ ಹಂಚಿಹೋಗುತ್ತವೆ. ಮೊಡವೆಯ ಔಷಧದಿಂದ ಕರುಳಿನ ರೋಗ ಬರುತ್ತದೆಯೇ ಎಂಬ ಪ್ರಶ್ನೆಗೂ ಈ ಚೀಟಿಗಳಿಗೂ ನೇರ ಸಂಬಂಧವಿದೆ.

ಚರ್ಚೆಯ ಕೇಂದ್ರದಲ್ಲಿರುವ ಔಷಧ ಐಸೊಟ್ರೆಟಿನಾಯಿನ್. ಇದು ವಿಟಮಿನ್ ಎ ವರ್ಗದ್ದು. ಚರ್ಮದ ಎಣ್ಣೆಗ್ರಂಥಿಗಳನ್ನು ಕುಗ್ಗಿಸಿ, ಗಾಯದ ಕಲೆ ಉಳಿಸುವಂಥ ತೀವ್ರ ಮೊಡವೆಯನ್ನೂ ವಾಸಿಮಾಡುತ್ತದೆ. ಅಮೆರಿಕದಲ್ಲಿ 1982ರಲ್ಲಿ ರೋಶ್ ಕಂಪನಿಯ ಅಕ್ಯುಟೇನ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮುಂದೆ ಇದನ್ನು ನುಂಗಿದ ಕೆಲವರಲ್ಲಿ ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಎಂಬ ಕರುಳಿನ ಉರಿಯೂತದ ರೋಗಗಳು ಕಾಣಿಸಿಕೊಂಡ ವರದಿಗಳು ಒಂದೊಂದಾಗಿ ಸೇರಿದವು, ಮೊಕದ್ದಮೆಗಳು ಬೆಳೆದವು. 2009ರಲ್ಲಿ ಕಂಪನಿ ಅಕ್ಯುಟೇನ್ ಮಾರಾಟ ನಿಲ್ಲಿಸಿತು. ಅಗ್ಗದ ಪರ್ಯಾಯಗಳ ಪೈಪೋಟಿ ಮತ್ತು ದಾವೆಗಳ ಖರ್ಚನ್ನು ಕಾರಣವಾಗಿ ಕೊಟ್ಟಿತು. 2018ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ರೋಗಿಗಳ ಪರ ತಜ್ಞರ ವಿಧಾನ ವೈಜ್ಞಾನಿಕವಾಗಿ ನಿಲ್ಲುವುದಿಲ್ಲವೆಂದು ಅವರ ಸಾಕ್ಷ್ಯವನ್ನು ಬದಿಗಿಟ್ಟಿತು. 2,000ಕ್ಕೂ ಹೆಚ್ಚು ದಾವೆಗಳು ಬಿದ್ದುಹೋದವು.

ನ್ಯಾಯಾಲಯದ ತೀರ್ಪಿಗಿಂತ ಅಂಕಿಅಂಶಗಳ ಒಳಗನ್ನು ನೋಡುವುದು ಮುಖ್ಯ. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ 2009ರ ಅಧ್ಯಯನದಲ್ಲಿ ಕರುಳಿನ ಉರಿಯೂತ ಇದ್ದವರ ಪೈಕಿ ಶೇ 1.2ರಷ್ಟು ಮಂದಿ ಮೊದಲೇ ಐಸೊಟ್ರೆಟಿನಾಯಿನ್ ಬಳಸಿದ್ದರು. ರೋಗವಿಲ್ಲದವರಲ್ಲಿ ಆ ಪ್ರಮಾಣ ಶೇ 1.1. ವ್ಯತ್ಯಾಸವೇ ಇಲ್ಲವೆನ್ನಬಹುದು. ಮರುವರ್ಷ ಕ್ರೋಕೆಟ್ ಮತ್ತು ಸಂಗಡಿಗರು ಅಮೆರಿಕದ ವಿಮಾ ದಾಖಲೆಗಳಿಂದ ಬೇರೆಯದೇ ಫಲಿತಾಂಶ ತಂದರು: ಅಲ್ಸರೇಟಿವ್ ಕೊಲೈಟಿಸ್ ಸಾಧ್ಯತೆ 4.36 ಪಟ್ಟು. ಕ್ರೋನ್ಸ್ ರೋಗದ ಜತೆ ಮಾತ್ರ ನಂಟು ಕಾಣಲಿಲ್ಲ. ದೊಡ್ಡ ಸಂಖ್ಯೆಯೇ ಸರಿ. ಆದರೆ ಸುಮಾರು 30,000 ಜನರ ಆ ದಾಖಲೆಯಲ್ಲಿ ಔಷಧ ನುಂಗಿದವರು 60 ಮಂದಿ, ಅವರಲ್ಲಿ ಕರುಳಿನ ಉರಿಯೂತ ಇದ್ದವರು 24. ಇಡೀ ವಾದ ನಿಂತಿರುವುದು ಈ 24 ಜನರ ಮೇಲೆ. ಆಮೇಲೆ ಬಂದ ಅಧ್ಯಯನಗಳು, ಅವನ್ನೆಲ್ಲ ಒಟ್ಟುಗೂಡಿಸಿದ ವಿಶ್ಲೇಷಣೆಗಳು ಈ ಹೆಚ್ಚಳವನ್ನು ಎತ್ತಿಹಿಡಿಯಲಿಲ್ಲ.

ಒಂದು ವೇಳೆ 4.36 ಪಟ್ಟು ಎಂಬುದೇ ನಿಜವೆಂದು ಹಿಡಿಯೋಣ. ಲುಧಿಯಾನದ ವೈದ್ಯರು 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಪಂಜಾಬಿನಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 6 ಮಂದಿಗೆ ಹೊಸದಾಗಿ ಅಲ್ಸರೇಟಿವ್ ಕೊಲೈಟಿಸ್ ತಗಲುತ್ತದೆ. ಐಸೊಟ್ರೆಟಿನಾಯಿನ್ ನುಂಗಿದವರಲ್ಲಿ ಅದು ಸುಮಾರು 26ಕ್ಕೆ ಏರೀತು. ಉಳಿದ 99,900ಕ್ಕೂ ಹೆಚ್ಚು ಮಂದಿಗೆ ಏನೂ ಆಗದು. ಭಯಪಟ್ಟು ಔಷಧವನ್ನೇ ತಿರಸ್ಕರಿಸಲು ಇದು ಕಾರಣವಲ್ಲ.

ಹಾಗಿದ್ದರೆ ಆ ವರದಿಗಳೆಲ್ಲ ಕಾಕತಾಳೀಯವೇ? ಒಂದಂಶ ಹೌದು: ತೀವ್ರ ಮೊಡವೆ ಬರುವುದೂ ಹರೆಯದಲ್ಲಿ, ಈ ಕರುಳಿನ ರೋಗಗಳು ಹೆಚ್ಚಾಗಿ ತಲೆಯೆತ್ತುವುದೂ ಅದೇ ವಯಸ್ಸಿನಿಂದ ಮೂವತ್ತರ ಆಸುಪಾಸಿನವರೆಗೆ. ಇನ್ನೊಂದು ಸಾಧ್ಯತೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲವೆಂಬುದು ನನ್ನ ಅಭಿಪ್ರಾಯ. ಐಸೊಟ್ರೆಟಿನಾಯಿನ್ ಬರೆದುಕೊಡುವ ಮೊದಲು ರೋಗಿ ಸಾಮಾನ್ಯವಾಗಿ ತಿಂಗಳುಗಟ್ಟಲೆ ಡಾಕ್ಸಿಸೈಕ್ಲಿನ್ ಅಥವಾ ಮಿನೊಸೈಕ್ಲಿನ್ ಎಂಬ ಆಂಟಿಬಯೋಟಿಕ್ ನುಂಗಿರುತ್ತಾನೆ. ಬ್ರಿಟನ್ನಿನ 94,487 ಮೊಡವೆ ರೋಗಿಗಳನ್ನು ಪರಿಶೀಲಿಸಿ ಮಾರ್ಗೋಲಿಸ್ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡಾಕ್ಸಿಸೈಕ್ಲಿನ್ ಪಡೆದವರಲ್ಲಿ ಕ್ರೋನ್ಸ್ ರೋಗದ ಅಪಾಯ 2.25 ಪಟ್ಟು ಕಂಡುಬಂತು. ಆಂಟಿಬಯೋಟಿಕ್ ಕರುಳಿನ ಸೂಕ್ಷ್ಮಜೀವಿಗಳ ಸಮತೋಲ ಕೆಡಿಸುತ್ತದೆ ಎಂಬುದು ಇಲ್ಲಿಯ ತರ್ಕ. ಇದೂ ಕಾರಣವನ್ನು ಸಾಬೀತುಮಾಡಿಲ್ಲ. ಆದರೆ ಕೊನೆಯಲ್ಲಿ ನುಂಗಿದ ಗುಳಿಗೆಯ ಮೇಲೆಯೇ ಆಪಾದನೆ ಹೊರಿಸುವವರು ಅದಕ್ಕೂ ಮುಂಚೆ ನುಂಗಿದ್ದನ್ನು ಕೇಳಲೇಬೇಕು.

ಆ ಪ್ರಶ್ನೆಗೆ ಉತ್ತರ ಇರುವುದು ಹಳೆಯ ಚೀಟಿಯಲ್ಲಿ. ಡಾಕ್ಸಿಸೈಕ್ಲಿನ್ ಒಂದೂರಿನಲ್ಲಿ, ಐಸೊಟ್ರೆಟಿನಾಯಿನ್ ಇನ್ನೊಂದೂರಿನಲ್ಲಿ ಸಿಕ್ಕಿದ್ದರೆ ಗಡಿಯ ರೋಗಿಯ ಪೂರ್ವಕಥೆ ಯಾವ ವೈದ್ಯರಿಗೂ ಪೂರ್ತಿ ಸಿಗದು. ಜತೆಗೆ ನಮ್ಮಲ್ಲಿ ಇನ್ನೂ ಎರಡು ತೊಡಕುಗಳಿವೆ. ಮಲದಲ್ಲಿ ರಕ್ತ ಕಂಡರೆ ಹಳ್ಳಿಯಲ್ಲಿ ಮೂಲವ್ಯಾಧಿ, ಇಲ್ಲವೇ ಮೈಯ ಉಷ್ಣ ಎಂದು ಮಜ್ಜಿಗೆ ಕುಡಿಸಿ ಸುಮ್ಮನಿರುತ್ತಾರೆ. ಇತ್ತ ಭಾರತದಲ್ಲಿ ಕರುಳಿನ ಕ್ಷಯ ವ್ಯಾಪಕವಾಗಿರುವುದರಿಂದ, ಕೊಲೊನೊಸ್ಕೋಪಿಯಲ್ಲೂ ಅದನ್ನು ಕ್ರೋನ್ಸ್ ರೋಗದಿಂದ ಬೇರ್ಪಡಿಸುವುದು ಕಷ್ಟ. ಹೊಟ್ಟೆನೋವು, ತೂಕ ಇಳಿಕೆ, ಭೇದಿ ಎರಡರಲ್ಲೂ ಒಂದೇ. ಎಷ್ಟೋ ಸಲ ಮೊದಲು ಕ್ಷಯದ ಚಿಕಿತ್ಸೆ ಕೊಟ್ಟು, ಗುಣ ಕಾಣದಿದ್ದಾಗಷ್ಟೇ ಕ್ರೋನ್ಸ್ ಎಂದು ತೀರ್ಮಾನಿಸಬೇಕಾಗುತ್ತದೆ. ಅಷ್ಟರಲ್ಲಿ ಮೊಡವೆಯ ಗುಳಿಗೆಯ ನೆನಪು ಯಾರಿಗೂ ಉಳಿದಿರುವುದಿಲ್ಲ.

ಐಸೊಟ್ರೆಟಿನಾಯಿನ್‌ನ ಸಾಬೀತಾದ ಅಪಾಯ ಬೇರೆಯೇ ಇದೆ, ಅದು ಕಡೆಗಣಿಸುವಂಥದ್ದಲ್ಲ: ಗರ್ಭಿಣಿ ನುಂಗಿದರೆ ಮಗುವಿಗೆ ತೀವ್ರ ಅಂಗವೈಕಲ್ಯ ಬರಬಹುದು. ಕರುಳಿನ ವಿಚಾರದಲ್ಲಿ ಅಮೆರಿಕದ ಔಷಧ ಸೂಚನೆ ಈಗಲೂ ಹೇಳುವುದು ಇಷ್ಟು: ಹೊಟ್ಟೆನೋವು, ಗುದದ್ವಾರದಿಂದ ರಕ್ತ, ತೀವ್ರ ಭೇದಿ ಕಂಡರೆ ಕೂಡಲೇ ಔಷಧ ನಿಲ್ಲಿಸಬೇಕು. ಸಂಬಂಧ ಸಾಬೀತಾಗಿಲ್ಲವೆಂದು ಈ ಎಚ್ಚರವನ್ನು ಸಡಿಲಿಸಬಾರದು.

ಭಾರತದ ಔಷಧ ಜಾಗೃತಿ ಕಾರ್ಯಕ್ರಮ 2010ರಲ್ಲಿ ಶುರುವಾಗಿದೆ. ಅದರ ಉಚಿತ ಸಹಾಯವಾಣಿ 1800-180-3024ಕ್ಕೆ ರೋಗಿಯೇ ಕರೆಮಾಡಿ ಅಡ್ಡಪರಿಣಾಮ ತಿಳಿಸಬಹುದು. ವಿಜಯಪುರದಲ್ಲಿರಲಿ ಮಿರಜದಲ್ಲಿರಲಿ, ಮೊಡವೆಗೆ ಔಷಧ ಬರೆಯುವ ವೈದ್ಯರು ರೋಗಿ ಹಿಂದೆ ನುಂಗಿದ ಆಂಟಿಬಯೋಟಿಕ್‌ನ ಹೆಸರು, ಎಷ್ಟು ತಿಂಗಳು ನುಂಗಿದ್ದೆಂಬುದನ್ನು ಚೀಟಿಯಲ್ಲೇ ಬರೆಯಲಿ. ಅಪಾಯದ ಮೂರು ಲಕ್ಷಣಗಳನ್ನು ಕನ್ನಡದಲ್ಲಿ ಹೇಳಿ ಕಳಿಸಲಿ. ತಿಕೋಂಡಿಯಂಥ ಊರುಗಳ ತಾಯಿತಂದೆಯರು ಆ ಚೀಟಿಗಳನ್ನು ಎಸೆಯದೆ ಕಾದಿಡಬೇಕು.