ಮೆಕ್ಕಲು ಮಣ್ಣಿನ ವಜ್ರ: ಶೋಧನೆಯ ಹಂತಗಳು ಮತ್ತು ಗಡಿನಾಡಿನ ನೆನಪು

ಬದಿಯಡ್ಕದ ಮುರಕಲ್ಲಿನ ನೆಲದಲ್ಲಿ ಕುಳಿತು ವಜ್ರದ ಗಣಿಗಳ ಕುರಿತು ಬರೆಯುವುದಕ್ಕೆ ಒಂದು ಕಾರಣವಿದೆ. ದಕ್ಷಿಣ ಭಾರತದ ಹಳೆಯ ವಜ್ರಭೂಮಿಯ ಒಂದು ದೊಡ್ಡ ಪಾಲು ಕನ್ನಡ ಮತ್ತು ತೆಲುಗು ಒಂದರೊಳಗೊಂದು ಬೆರೆತಿರುವ ಸೀಮೆಯಲ್ಲಿದೆ. ವಜ್ರಕರೂರನ್ನು ಒಳಗೊಂಡ ಅನಂತಪುರ ಜಿಲ್ಲೆಯು 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟಿತು. 1953ರಲ್ಲಿ ಆಲೂರು, ಆದವಾನಿ, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಮೂರು ವರ್ಷಗಳ ಬಳಿಕ ಕಾಸರಗೋಡು ಕೇರಳದ ಪಾಲಾಯಿತು. ಗಡಿರೇಖೆ ಸರಿದಾಗ ಕಡತಗಳ ಭಾಷೆಯೂ ಬದಲಾಗುತ್ತದೆ, ನೆಲದ ಬಗೆಗಿನ ತಿಳಿವಳಿಕೆ ಯಾರ ಪಾಲಿಗೂ ಸೇರದೆ ಉಳಿಯುತ್ತದೆ. ಇದು ನಮಗೆ ಅಪರಿಚಿತವಾದ ಅನುಭವವಲ್ಲ.

ಇಂದಿನ ಭೂವಿಜ್ಞಾನವು ಮೆಕ್ಕಲು ವಜ್ರದ ಶೋಧನೆಯನ್ನು ಹಂತಹಂತವಾಗಿ ಯೋಜಿಸುತ್ತದೆ. ಮೊದಲು ನಕ್ಷೆ ಮತ್ತು ದಾಖಲೆಗಳ ಅಧ್ಯಯನ. ಬಳಿಕ ಹಳ್ಳಕೊಳ್ಳಗಳ ಮರಳನ್ನು ಜಾಲಿಸಿ ಪೈರೋಪ್ ಗಾರ್ನೆಟ್, ಇಲ್ಮನೈಟ್‌ಗಳಂತಹ ಸೂಚಕ ಖನಿಜಗಳ ಹುಡುಕಾಟ. ಅನಂತರ ಹಳೆಯ ನದೀಪಾತ್ರಗಳಲ್ಲಿ, ದಂಡೆಯ ಮೆಟ್ಟಿಲುಗಳಲ್ಲಿ ಗುಂಡಿ ತೋಡಿ ಬೆಣಚುಕಲ್ಲಿನ ಪದರವನ್ನು ಅಳೆಯುವುದು. ಕೊನೆಯಲ್ಲಿ ಭಾರೀ ಪ್ರಮಾಣದ ಮಾದರಿಯನ್ನು ತೊಳೆದು ನೂರು ಟನ್ನಿಗೆ ಎಷ್ಟು ಕ್ಯಾರೆಟ್ ಎಂದು ಲೆಕ್ಕ ಹಾಕುವುದು. ನೂರು ಟನ್ನಿಗೆ ಹತ್ತು ಕ್ಯಾರೆಟ್ ದೊರೆತರೆ ಅದು ಕೇವಲ ಎರಡು ಗ್ರಾಂ, ಅಂದರೆ ಐದು ಕೋಟಿಯಲ್ಲಿ ಒಂದು ಪಾಲು. ಇಷ್ಟು ವಿರಳವಾದ ವಸ್ತುವಿನ ವಿಷಯದಲ್ಲಿ ಸಣ್ಣ ಮಾದರಿಯು ದಾರಿ ತಪ್ಪಿಸುತ್ತದೆ, ದೊಡ್ಡ ಮಾದರಿಯು ಹಣವನ್ನು ನುಂಗುತ್ತದೆ. ಆದ್ದರಿಂದಲೇ ಪ್ರತಿ ಹಂತದ ಕೊನೆಯಲ್ಲಿಯೂ ‘ಇಲ್ಲಿಗೆ ನಿಲ್ಲಿಸೋಣವೇ?’ ಎಂಬ ಪ್ರಶ್ನೆ ಏಳಬೇಕು. ಹಂತಗಳ ನಿಜವಾದ ಪ್ರಯೋಜನ ಈ ಪ್ರಶ್ನೆಯಲ್ಲಿದೆ.

ಹಿಂದಿನವರಿಗೆ ಇಂತಹ ಕ್ರಮವಿರಲಿಲ್ಲವೆಂದು ಭಾವಿಸುವುದು ತಪ್ಪು. 1676ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾದ ಟವೆರ್ನಿಯರನ ಪ್ರವಾಸಕಥನವು ಕೃಷ್ಣಾ ದಂಡೆಯ ಕೊಲ್ಲೂರಿನ ಕೆಲಸವನ್ನು ವಿವರವಾಗಿ ಬಣ್ಣಿಸುತ್ತದೆ. ಅಗೆಯುವ ಜಾಗದ ಪಕ್ಕದಲ್ಲಿ ತಗ್ಗು ಗೋಡೆಯ ಆವರಣ ಕಟ್ಟಿ, ಬುಡದಲ್ಲಿ ನೀರು ಹರಿಯಲು ಕಂಡಿ ಬಿಡುತ್ತಿದ್ದರು. ಪೂಜೆಯ ಬಳಿಕ ಗಂಡಸರು ಹತ್ತರಿಂದ ಹದಿನಾಲ್ಕು ಅಡಿ ಆಳಕ್ಕೆ, ನೀರು ಸಿಗುವವರೆಗೆ ಅಗೆಯುತ್ತಿದ್ದರು. ಹೆಂಗಸರೂ ಮಕ್ಕಳೂ ಮಣ್ಣು ಹೊರುತ್ತಿದ್ದರು. ಮಣ್ಣನ್ನು ನೀರಿನಲ್ಲಿ ಕರಗಿಸಿ, ಕೆಸರನ್ನು ಹರಿಯಬಿಟ್ಟು, ಉಳಿದುದನ್ನು ಬಿಸಿಲಿಗೆ ಒಣಗಿಸಿ, ಧಾನ್ಯದಂತೆ ಮೊರದಲ್ಲಿ ಕೇರಿ, ಹೆಂಟೆಗಳನ್ನು ಕುಟ್ಟಿ, ಮತ್ತೆ ಕೇರಿ, ಕೊನೆಗೆ ಕೈಯಿಂದ ಆರಿಸುತ್ತಿದ್ದರು. ತೊಳೆಯುವುದು, ಗಾತ್ರ ವಿಂಗಡಿಸುವುದು, ಸಾಂದ್ರಗೊಳಿಸುವುದು, ಆರಿಸುವುದು: ಇಂದಿನ ಯಂತ್ರಗಳೂ ಇದೇ ಸರಣಿಯನ್ನು ಅನುಸರಿಸುತ್ತವೆ. ಒಕ್ಕಲುತನದ ಕೈಚಳಕವೇ ಇಲ್ಲಿ ಗಣಿಯ ತಂತ್ರವಾಗಿದೆ. ಅಲ್ಲಿ ಅರುವತ್ತು ಸಾವಿರ ಮಂದಿ ದುಡಿಯುತ್ತಿದ್ದರೆಂದು ಅವನು ಹೇಳುತ್ತಾನೆ.

ಹಾಗಾದರೆ ಕೊರತೆ ಎಲ್ಲಿತ್ತು? ನನ್ನ ವಾದವೆಂದರೆ, ನಿಲ್ಲಿಸುವ ಸ್ವಾತಂತ್ರ್ಯ ಇರಲಿಲ್ಲ. ವಿಜಯನಗರದ ಅಚ್ಯುತರಾಯನ ಕಾಲದ ವೃತ್ತಾಂತವನ್ನು ಬರೆದ ನ್ಯೂನಿಜ್, ವಜ್ರದ ಗಣಿಗಳನ್ನು ಪಡೆದ ಅಡಪನಾಯಕನು ವರ್ಷಕ್ಕೆ 40,000 ಪರ್ದಾವುಗಳನ್ನು ಸಲ್ಲಿಸಬೇಕಿತ್ತೆಂದೂ 20 ಮಂಜಾಡಿಗಿಂತ ಹೆಚ್ಚು ತೂಗುವ ಹರಳುಗಳೆಲ್ಲ ರಾಜನಿಗೆ ಸೇರುತ್ತಿದ್ದವೆಂದೂ ದಾಖಲಿಸುತ್ತಾನೆ. ಗುತ್ತಿಗೆಯ ಮೊತ್ತ ನಿಶ್ಚಿತ, ನೆಲದ ಫಲ ಅನಿಶ್ಚಿತ. ಬಿಜಾಪುರದ ಆಳ್ವಿಕೆಗೆ ಒಳಪಟ್ಟಿದ್ದ ರಾವೋಲಕೊಂಡದಲ್ಲಿ ವರ್ತಕನು ಸುಮಾರು ಇನ್ನೂರು ಹೆಜ್ಜೆ ಸುತ್ತಳತೆಯ ಜಾಗವನ್ನು ಗುರುತಿಸಿಕೊಂಡು, ಐವತ್ತು ಮಂದಿಯನ್ನು ದುಡಿಸಿದರೆ ದಿನಕ್ಕೆ ಎರಡು ವರಹ, ನೂರು ಮಂದಿಗೆ ನಾಲ್ಕು ವರಹ ತೆರಬೇಕಿತ್ತೆಂದು ಟವೆರ್ನಿಯರ್ ತಿಳಿಸುತ್ತಾನೆ. ಅಲ್ಲಿನದು ಬಂಡೆಯ ಬಿರುಕುಗಳ ಗಣಿ. ಕರಾರಿನ ತರ್ಕ ಮಾತ್ರ ನ್ಯೂನಿಜ್ ಹೇಳುವುದಕ್ಕಿಂತ ದೂರವಲ್ಲ. ಕರವನ್ನು ದಿನ ಮತ್ತು ತಲೆಯ ಲೆಕ್ಕದಲ್ಲಿ ವಸೂಲು ಮಾಡುವಾಗ ಪರೀಕ್ಷೆಯ ದಿನವೂ ಗಣಿಗಾರಿಕೆಯ ದಿನದಷ್ಟೇ ದುಬಾರಿ. ಶೋಧನೆ ಬೇರೆ, ಉತ್ಪಾದನೆ ಬೇರೆ ಎಂಬ ವಿವೇಚನೆಗೆ ಈ ಕರಾರಿನಲ್ಲಿ ಎಡೆಯಿಲ್ಲ. ನಷ್ಟದ ಭಾರ ಇಳಿಯುತ್ತ ಹೋಗಿ ತಲಪುತ್ತಿದ್ದುದು ಕೂಲಿಯವನನ್ನು. ಕಸುಬನ್ನು ಚೆನ್ನಾಗಿ ಬಲ್ಲ ಆತನಿಗೆ ವರ್ಷಕ್ಕೆ ಸಿಗುತ್ತಿದ್ದುದು ಮೂರೇ ವರಹ ಎಂಬುದೂ ಟವೆರ್ನಿಯರನದೇ ಮಾತು.

ಮುಂದಿನ ಪ್ರಶ್ನೆ ಮೂಲದ್ದು: ಹೊಳೆಯ ಹರಳು ಎಲ್ಲಿಂದ ಬಂತು? 1880ರ ದಶಕದಲ್ಲಿ ಫ್ರೆಂಚ್ ವಿದ್ವಾಂಸ ಶಾಪೆರ್, ವಜ್ರಕರೂರಿನ ಪೆಗ್ಮಟೈಟ್ ಶಿಲೆಯಲ್ಲಿ ವಜ್ರ ಕಂಡೆನೆಂದು ಪ್ರಕಟಿಸಿದನು. ರಾಬರ್ಟ್ ಬ್ರೂಸ್ ಫೂಟ್ 1889ರಲ್ಲಿ ಅದನ್ನು ಪ್ರಶ್ನಿಸಿದನು. ಅಲ್ಲಿಯ ಕಿಂಬರ್ಲೈಟ್ ಕೊಳವೆಗಳು ಸ್ಪಷ್ಟವಾಗಿ ಗುರುತಾದುದು ಇಪ್ಪತ್ತನೆಯ ಶತಮಾನದಲ್ಲಿ. ಇಂದು ರಾಯಚೂರು, ನಾರಾಯಣಪೇಟೆಗಳ ಸುತ್ತಲೂ ಆ ಶಿಲೆ ತಿಳಿದಿದೆ. ಆದರೆ ಎಲ್ಲ ಕಿಂಬರ್ಲೈಟಿನಲ್ಲಿಯೂ ವಜ್ರವಿರುವುದಿಲ್ಲ. ಮೂಲ ದೊರೆತ ಮಾತ್ರಕ್ಕೆ ಮೆಕ್ಕಲಿನ ಪ್ರಶ್ನೆ ಮುಗಿಯಲಿಲ್ಲ.

ಕೊಲ್ಲೂರನ್ನು ನೆಲದ ಭಾಷೆಯಲ್ಲಿ ‘ಗಣಿ’ ಎನ್ನುತ್ತಾರೆಂದು ಟವೆರ್ನಿಯರ್ ಬರೆದನು. ಸಾಮಾನ್ಯ ನಾಮವನ್ನು ಅವನು ಊರಿನ ಅಂಕಿತನಾಮವೆಂದು ಗ್ರಹಿಸಿದಂತಿದೆ. ಕನ್ನಡಿಗನಿಗೂ ತೆಲುಗನಿಗೂ ಕೂಡಲೇ ತಿಳಿಯುವ ಈ ಪದವು ಪ್ರವಾಸಿಯ ನಕ್ಷೆಯಲ್ಲಿ ಊರಾಗಿ ನಿಂತಿತು. ಆ ಊರು ಇಂದು ಪುಲಿಚಿಂತಲ ಜಲಾಶಯದ ನೀರಿನಡಿಯಲ್ಲಿದೆ. ಅಲ್ಲಿ ಉಳಿದಿರುವ ಗಣಿ ಪಠ್ಯಗಳೊಳಗಿನದು ಮಾತ್ರ.

ಈಗಲೂ ಮುಂಗಾರಿನ ಮೊದಲ ಮಳೆ ಬಿದ್ದೊಡನೆ ವಜ್ರಕರೂರು, ಜೊನ್ನಗಿರಿ, ತುಗ್ಗಲಿಯ ಹೊಲಗಳಲ್ಲಿ ಜನರು ಬಾಗಿ ಹರಳು ಹುಡುಕುತ್ತಾರೆ. ಮಳೆಯೇ ಅವರಿಗೆ ಜಾಲಿಸುವ ಯಂತ್ರ. ಯಾವ ಓಣಿ ಯಾವ ದಿಬ್ಬದ ಮಣ್ಣನ್ನು ತರುತ್ತದೆಂಬುದು ಅವರಿಗೆ ಗೊತ್ತು. ಶೋಧನೆಯ ಮೊದಲ ಹಂತ ದಾಖಲೆಗಳ ಅಧ್ಯಯನವೆಂದಾದರೆ, ಮೆಕೆಂಜಿ ಸಂಗ್ರಹದ ಕನ್ನಡ, ತೆಲುಗು ಕೈಫಿಯತ್ತುಗಳೂ ಹೊಲಗಳ ಹೆಸರುಗಳೂ ಈ ಜನರ ಮಾತೂ ಅದರೊಳಗೆ ಸೇರಬೇಕು. ಅದನ್ನು ಓದಬಲ್ಲವರು ಎರಡು ಭಾಷೆಗಳ ನಡುವೆ ಬದುಕುವವರು, ಅಂದರೆ ನಮ್ಮಂಥವರು. ಈ ಕೆಲಸವನ್ನು ನಾವು ಕೈಗೆತ್ತಿಕೊಳ್ಳದಿದ್ದರೆ ಯೋಜನೆಯ ಮೊದಲ ಹಂತವೇ ಅರೆಯಾಗಿ ಉಳಿಯುತ್ತದೆ. ಅದರ ನಷ್ಟವನ್ನು ಹಿಂದಿನಂತೆಯೇ ಮಣ್ಣು ಹೊರುವವರು ಭರಿಸಬೇಕಾಗುತ್ತದೆ.