ಶಾರ್ಲರ್ವಾ ಪ್ರಕರಣ
ಅಗ್ಗದ ವಿಮಾನಯಾನ ಸಂಸ್ಥೆಗಳಿಗೆ ಸಾರ್ವಜನಿಕ ನೆರವು ನೀಡುವ ಬಗ್ಗೆ ಯುರೋಪಿನಲ್ಲಿ ನಡೆದ ಪ್ರಮುಖ ವ್ಯಾಜ್ಯ. ಬೆಲ್ಜಿಯಂನ ಶಾರ್ಲರ್ವಾ ವಿಮಾನ ನಿಲ್ದಾಣ ಬ್ರಸೆಲ್ಸ್‌ನ ದಕ್ಷಿಣಕ್ಕಿದೆ. ಕಲ್ಲಿದ್ದಲು, ಉಕ್ಕಿನ ಉದ್ಯಮಗಳು ಕುಸಿದಿದ್ದ ಈ ಪ್ರದೇಶಕ್ಕೆ ಪ್ರಯಾಣಿಕರನ್ನು ಸೆಳೆಯಲು ವಲ್ಲೂನ್ ಪ್ರಾದೇಶಿಕ ಸರ್ಕಾರ 2001ರಲ್ಲಿ ಐರ್ಲೆಂಡಿನ ರಯಾನ್‌ಏರ್ ಸಂಸ್ಥೆಗೆ ವಿಮಾನ ಇಳಿಸುವ ಶುಲ್ಕದಲ್ಲಿ ರಿಯಾಯಿತಿ ನೀಡಿತು. ನಿಲ್ದಾಣದ ಆಡಳಿತ ಹೊಸ ಮಾರ್ಗಗಳ ಆರಂಭ, ಪ್ರಚಾರ ಮತ್ತು ಸಿಬ್ಬಂದಿ ತರಬೇತಿಗೂ ಹಣ ಕೊಟ್ಟಿತು. ಇದರಲ್ಲಿ ಒಂದು ಭಾಗ ಅಕ್ರಮವೆಂದು ಯುರೋಪಿಯನ್ ಆಯೋಗ 2004ರಲ್ಲಿ ತೀರ್ಮಾನಿಸಿ ಮರುಪಾವತಿಗೆ ಆದೇಶಿಸಿತು. ಖಾಸಗಿ ಹೂಡಿಕೆದಾರ ಇಂಥದೇ ಒಪ್ಪಂದ ಮಾಡಿಕೊಳ್ಳುತ್ತಿದ್ದನೇ ಎಂಬುದನ್ನು ಆಯೋಗ ಸರಿಯಾಗಿ ಪರಿಶೀಲಿಸಿಲ್ಲವೆಂದು ಯುರೋಪಿಯನ್ ನ್ಯಾಯಾಲಯ 2008ರಲ್ಲಿ ಆದೇಶವನ್ನು ರದ್ದುಗೊಳಿಸಿತು. 2014ರಲ್ಲಿ ಆಯೋಗ ನಿಲ್ದಾಣಗಳಿಗೂ ವಿಮಾನಯಾನ ಸಂಸ್ಥೆಗಳಿಗೂ ನೀಡುವ ನೆರವಿಗೆ ಹೊಸ ಮಾರ್ಗಸೂಚಿ ಹೊರಡಿಸಿತು. ಅಗ್ಗದ ಟಿಕೆಟಿನ ಹಿಂದೆ ತೆರಿಗೆದಾರರ ಹಣವೂ ಇರಬಹುದೆಂಬುದನ್ನು ಸಾರ್ವಜನಿಕ ಚರ್ಚೆಗೆ ತಂದದ್ದು ಈ ಪ್ರಕರಣದ ಮಹತ್ವ.